ಎತ್ತಿ ನಿಲ್ಲಿಸಿದ ಕಮಾನು

ಭಾನುವಾರ ಹನ್ನೊಂದು ಗಂಟೆಗೆ ಹಳೇ ಯಂತ್ರಗಳ ವ್ಯಾಪಾರಿ ಬರುತ್ತಾನೆ, ಬಂದು ಟ್ರಾಕ್ಟರನ್ನು ಸಾಗಿಸಿಕೊಂಡು ಹೋಗುತ್ತಾನೆ ಎಂದು ಅವಳ ಭಾವ, ಗಂಡನ ಅಣ್ಣ, ಸೋಮವಾರವೇ ಹೇಳಿ ಹೋದರು. ಹೇಳುವಾಗ ಟ್ರಾಕ್ಟರು ನಿಂತ ಶೆಡ್ಡಿಗೆ ಬೆನ್ನು ಹಾಕಿ ನಿಂತಿದ್ದರು.

"ನನ್ನ ತಮ್ಮನನ್ನ ತಿಂದ ರಾಕ್ಷಸ ಅದು. ಇನ್ನೂ ನಮ್ಮ ಸೂರಿನ ಕೆಳಗೇ ಮಲಗಿದೆ ಅಂದ್ರೆ ನನಗೆ ತುತ್ತು ಇಳಿಯಲ್ಲ. ಕಳಿಸ್ಬಿಡೋಣಮ್ಮ. ಏನಂತೀಯ?"

"ಹೂಂ," ಅಂದಳು ಅವಳು.

ಎಂಟು ತಿಂಗಳಿಂದ ಆ ಮನೆಯಲ್ಲಿ ಅವಳು ಆಡಿದ ಮಾತನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ದರೆ ಅದರಲ್ಲಿ ಮುಕ್ಕಾಲು ಪಾಲು ಹೂಂಗಳೇ ಇರುತ್ತಿದ್ದವು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವಾಗ ಮಾತಾಡುತ್ತಿದ್ದಳು. ಮನೆಗೆ ಬಂದು ಬಾಗಿಲಲ್ಲಿ ಶೂ ಬಿಚ್ಚಿದ ಕೂಡಲೇ ಮಾತನ್ನೂ ಅದರೊಳಗೇ ಬಿಟ್ಟು ಬರುತ್ತಿದ್ದಳು. ಗಂಡ ಸತ್ತ ದಿನ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಓದಿದವಳು, ಕಲ್ಲು ಮನಸ್ಸು ಅಂದರು ಕೆಲವರು. ಕಲ್ಲೂ ಅಲ್ಲ, ಮನಸ್ಸೂ ಅಲ್ಲ. ಹೆಚ್ಚು ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ.

ಟ್ರಾಕ್ಟರಿನ ಕಾಗದಪತ್ರ ಅತ್ತೆಯ ಹೆಸರಿನಲ್ಲಿತ್ತು. ಮಾವ ತೀರಿಕೊಂಡ ಮೇಲೆ ಮನೆಗೆ ಏನೇ ಬಂದರೂ ಅದು ಅಮ್ಮನ ಹೆಸರಿಗೇ ಬರಲಿ ಎಂದು ಗಂಡುಮಕ್ಕಳಿಬ್ಬರೂ ಮಾತಾಡಿಕೊಂಡಿದ್ದರು. ಈಗ ಅತ್ತೆ ಒಂದು ಸಹಿ ಹಾಕಿದರೆ ಮುಗಿಯಿತು.

ಅದು ಸಣ್ಣ ಟ್ರಾಕ್ಟರು. ದೊಡ್ಡ ಹೊಲದವರು ಕಂಡರೆ ಮಕ್ಕಳ ಆಟದ ಸಾಮಾನು ಅಂದಾರು. ಆದರೆ ಮನೆಯ ಹಿಂದಿನ ಆ ಅರ್ಧ ಎಕರೆ ಹಿತ್ತಲಿಗೆ ಅದೇ ಸಾಕಾಗಿತ್ತು. ಹಿತ್ತಲು ಮನೆಯಿಂದ ಇಳಿಜಾರಾಗಿ ಹೋಗಿ ಒಂದು ಕಾಲುವೆಯ ದಂಡೆಗೆ ಮುಟ್ಟುತ್ತದೆ. ಬದನೆ, ಬೀನ್ಸು, ಆಲೂಗಡ್ಡೆ, ಕುಂಬಳ ಎಲ್ಲ ಅಲ್ಲೇ. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ, ದಂಡೆಗೆ ತಾಗಿದ ಕೊನೆಯ ಸಾಲು ಉಳುವಾಗ, ಹಿಂದಿನ ಚಕ್ರ ಜಾರಿ ಟ್ರಾಕ್ಟರು ಕಾಲುವೆಗೆ ಮಗುಚಿಕೊಂಡಿತು. ಅವನು ಕೆಳಗಿದ್ದ.

ಮಂಗಳವಾರ ಮೆಕ್ಯಾನಿಕ್ ಬಂದ. ಊರಿಗೆಲ್ಲ ಅವನು ಹನ್ನೆರಡು-ಹದಿಮೂರು. ಆ ಅಳತೆಯ ಸ್ಪ್ಯಾನರು ಅವನ ಹಿಂದಿನ ಜೇಬಿನಿಂದ ಕದಲಿದ್ದನ್ನು ಕಂಡವರಿರಲಿಲ್ಲ. ಮದುವೆಯ ದಿನವೂ ಅದನ್ನು ಇಟ್ಟುಕೊಂಡೇ ಕೂತಿದ್ದನಂತೆ. ಮಾರುವ ಮುಂಚೆ ಎಂಜಿನ್ನು ಒಂದು ಸಲ ಗುಡುಗಬೇಕು, ಇಲ್ಲದಿದ್ದರೆ ವ್ಯಾಪಾರಿ ಗುಜರಿ ಅಂದುಬಿಡುತ್ತಾನೆ ಎಂದು ಭಾವ ಅವನನ್ನು ಕಳಿಸಿದ್ದರು. ಅವಳು ಶೆಡ್ಡಿನ ಬೀಗ ತೆಗೆದುಕೊಟ್ಟು ಅಲ್ಲೇ ಗೋಡೆಗೆ ಒರಗಿ ನಿಂತಳು.

ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಸ್ಟೀರಿಂಗು ಸೊಟ್ಟ. ಮಡ್‌ಗಾರ್ಡು ಅಪ್ಪಚ್ಚಿ. ಸೀಟು ಚಿಂದಿ. ಬೆಲ್ಟು..." ಎಂದು ಅವನು ನಾಲಿಗೆ ಕಚ್ಚಿಕೊಂಡ. ಬೆಲ್ಟು ಅರ್ಧಕ್ಕೆ ಕತ್ತರಿಸಿತ್ತು. ಕತ್ತರಿಸಿದವರು ಭಾವ, ತಮ್ಮನನ್ನು ಹೊರಗೆಳೆಯಲು ಅವರಿಗೆ ಬೇರೆ ದಾರಿ ಇರಲಿಲ್ಲ. "ಬೆಲ್ಟು ಹೊಸದು ಹಾಕೋಣ ಬಿಡಿ ಮೇಡಂ. ಆದ್ರೆ ನೋಡಿ, ಸೀಟಿನ ಹಿಂದಿನ ಈ ಕಬ್ಬಿಣದ ಕಮಾನು ಇದೆಯಲ್ಲ, ಇದು ಮಾತ್ರ ಹೊಸ ಅಳಿಯನ ಥರ ಮಿಂಚ್ತಾ ಇದೆ. ಒಂದು ಗೀರಿಲ್ಲ. ಕೊಳ್ಳೋನಿಗೆ ಮೊದಲು ಇದನ್ನೇ ತೋರಿಸ್ಬೇಕು."

"ಯಾಕಿಲ್ಲ?" ಅಂದಳು.

"ಏನು?"

"ಗೀರು. ಗಾಡಿ ಮಗುಚಿದರೆ ಮೊದಲು ನೆಲಕ್ಕೆ ತಾಗಬೇಕಾಗಿದ್ದು ಅದೇ ಅಲ್ವಾ? ಕೂತವನು ಅಡಿಗೆ ಸಿಗದಿರಲಿ ಅಂತಲೇ ಅಲ್ವಾ ಅದನ್ನ ಇಟ್ಟಿರೋದು?"

ಹನ್ನೆರಡು-ಹದಿಮೂರು ಸ್ಪ್ಯಾನರಿನಿಂದ ಕಿವಿಯ ಹಿಂದೆ ಕೆರೆದುಕೊಂಡ. "ಎತ್ತಿ ನಿಲ್ಲಿಸಿದ್ರೆ ತಾಗ್ತಿತ್ತು. ಇದು ಮಡಚಿತ್ತಲ್ಲ. ನಿಮ್ಮ ಮನೇಲಿ ಯಾವತ್ತೂ ಮಡಚೇ ಇರೋದು. ಬಳ್ಳಿಗೆ ತಲೆ ಬಾಗೋ ಟ್ರಾಕ್ಟರು ಅಂತ ನೀವೇ ನಗಾಡ್ತಿದ್ರಿ."

ಹೌದು, ನಗಾಡುತ್ತಿದ್ದರು. ಅದು ಆ ಮನೆಯ ತಮಾಷೆ. ಶೆಡ್ಡಿನ ಮುಂದಿನ ಅಂಗಳದಿಂದ ಹಿತ್ತಲಿಗೆ ಹೋಗುವ ಓಣಿಯ ಮೇಲೆ ಅತ್ತೆಯ ದ್ರಾಕ್ಷಿ ಚಪ್ಪರವಿತ್ತು. ಕಿರಿಮಗ ಹೊಟ್ಟೆಯಲ್ಲಿದ್ದಾಗ ಹುಳಿಗೆ ಬಾಯಿ ಚಪಲವಾಗಿ ಪಕ್ಕದ ಮನೆಯಿಂದ ಒಂದು ಕಡ್ಡಿ ತಂದು ನೆಟ್ಟದ್ದು. ಮಗ ಬೆಳೆದ, ಬಳ್ಳಿಯೂ ಬೆಳೆಯಿತು. ಹಣ್ಣು ಮಾತ್ರ ಮೂವತ್ತನಾಲ್ಕು ವರ್ಷವಾದರೂ ಹುಳಿ ಬಿಡಲಿಲ್ಲ. ಹಕ್ಕಿಗಳೂ ಒಂದು ಸಲ ಕೊಕ್ಕಿಟ್ಟು ಮತ್ತೆ ಆ ಕಡೆ ಸುಳಿಯುತ್ತಿರಲಿಲ್ಲ. ಟ್ರಾಕ್ಟರು ಬಂದ ಮೊದಲ ದಿನವೇ ಕಮಾನು ಚಪ್ಪರಕ್ಕೆ ತಗುಲಿ ಒಂದು ಕೊಂಬೆ ಮುರಿಯಿತು. ಅತ್ತೆ ಆ ದಿನ ಊಟ ಮಾಡಲಿಲ್ಲ. ಮರುದಿನದಿಂದ ಗಂಡ ಎರಡು ಪಿನ್ನು ಕಿತ್ತು ಕಮಾನನ್ನು ಹಿಂದಕ್ಕೆ ಮಡಚಿ ಓಣಿ ದಾಟತೊಡಗಿದ. ಮೊದಮೊದಲು ಆ ಕಡೆ ಹೋದ ಮೇಲೆ ಇಳಿದು ಮತ್ತೆ ಎತ್ತಿ ನಿಲ್ಲಿಸುತ್ತಿದ್ದ. ಆಮೇಲೆ ನೆನಪಾದಾಗ. ಆಮೇಲೆ ಪಿನ್ನುಗಳು ಡಬ್ಬಿಯೊಳಗೆ ತುಕ್ಕು ಹಿಡಿದವು.

ಅವಳು ಮನೆಯೊಳಗೆ ಹೋಗಿ ಅಡುಗೆಮನೆಯ ಕೆಳಗಿನ ಡ್ರಾಯರನ್ನು ಎಳೆದಳು. ಮಿಕ್ಸಿಯ ಪುಸ್ತಕ, ವಾಷಿಂಗ್ ಮಷೀನಿನ ಪುಸ್ತಕ, ಅವುಗಳ ಕೆಳಗೆ ಟ್ರಾಕ್ಟರಿನದು. ಬೆನ್ನು ಮುರಿಯದ ಪುಸ್ತಕ. ಯಾರೂ ಓದಿರಲಿಲ್ಲ. ಇಪ್ಪತ್ತೇಳನೇ ಪುಟದಲ್ಲಿ ಒಂದು ಚೌಕದೊಳಗೆ ಎರಡೇ ವಾಕ್ಯಗಳಿದ್ದವು. ಕಮಾನು ಎತ್ತಿರುವಾಗ ತಪ್ಪದೆ ಬೆಲ್ಟು ಕಟ್ಟಿಕೊಳ್ಳಿ. ಕಮಾನು ಮಡಚಿರುವಾಗ ಬೆಲ್ಟು ಕಟ್ಟಿಕೊಳ್ಳಬೇಡಿ.

ಎರಡನೆಯ ವಾಕ್ಯವನ್ನು ಅವಳು ಮತ್ತೆ ಓದಿದಳು.

ಬೆಲ್ಟಿನ ಹಟ ಅವಳದಾಗಿತ್ತು. ಬೆಲ್ಟಿಲ್ಲದೆ ಹತ್ತಿದರೆ ನಾನು ನಿನ್ನ ಜೊತೆ ಮಾತು ಬಿಡುತ್ತೇನೆ ಎಂದು ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ಅವನು ಆ ಮಾತು ಉಳಿಸಿಕೊಂಡಿದ್ದ. ಕಮಾನು ಮಡಚಿ, ಬೆಲ್ಟು ಬಿಗಿದು, ಅಮ್ಮನಿಗೂ ಹೆಂಡತಿಗೂ ಸಮಾಧಾನ ಮಾಡಿ ಹೋಗಿದ್ದ. ಗಾಡಿ ಮಗುಚುವಾಗ ಹಾರಿಕೊಳ್ಳಲು ಬೆಲ್ಟು ಬಿಡಲಿಲ್ಲ. ತಡೆಯಲು ಕಮಾನು ಇರಲಿಲ್ಲ.

ಆಗಲೂ ಅಳು ಬರಲಿಲ್ಲ. ಆದರೆ ಜೋಮು ಹಿಡಿದ ಕಾಲಿಗೆ ರಕ್ತ ಇಳಿಯುವಾಗ ಸೂಜಿ ಚುಚ್ಚಿದಂತಾಗುತ್ತದಲ್ಲ, ಅದು ಶುರುವಾಯಿತು.

ಆ ಸಂಜೆ ಅತ್ತೆ ಊಟದ ಮೇಜಿನ ಮೇಲೆ ಬೀನ್ಸ್ ಸುಲಿಯುತ್ತಿದ್ದರು. ಅವಳು ಎದುರಿಗೆ ಕೂತು ಪುಸ್ತಕ ತೆರೆದು ಆ ಎರಡು ವಾಕ್ಯಗಳನ್ನು ಓದಿ ಹೇಳಿದಳು. ಕ್ಲಾಸಿನಲ್ಲಿ ಓದುವಷ್ಟೇ ಸ್ಪಷ್ಟವಾಗಿ.

ಅತ್ತೆಯ ಬೆರಳು ನಿಂತಿತು. "ಈಗ ಯಾಕೆ ಇದು?"

"ಭಾವ ಟ್ರಾಕ್ಟರನ್ನ ರಾಕ್ಷಸ ಅಂತಾರೆ. ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದಳಂತೆ."

"ಅಂದ್ರೆ ನಾನು ಕೊಂದೆ ಅಂತಾನಾ? ಬಾಯಿ ಬಿಟ್ಟು ಹೇಳು."

"ಅರ್ಧ ನೀವು. ಅರ್ಧ ನಾನು."

ಅತ್ತೆ ಒಂದು ಕಾಯಿ ಸುಲಿದು ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕಿದರು.

"ಅವನಿಗೆ ಕಣ್ಣಿರಲಿಲ್ವಾ? ಅವನೇನು ಹಾಲು ಕುಡಿಯೋ ಮಗುವಾ?"

"ಸರಿ. ಅವನಿಗೂ ಒಂದು ಪಾಲು ಕೊಡೋಣ."

"ತಮಾಷೆ ಮಾಡ್ತೀಯಾ?"

"ಇಲ್ಲ ಅತ್ತೆ."

"ಹಣೇಲಿ ಬರೆದಿತ್ತು, ಆಯ್ತು. ಯಾರೇನು ಮಾಡಕ್ಕಾಗುತ್ತೆ?"

"ಹಣೇಲಿ ಬರೆದಿರಲಿಲ್ಲ. ಇಪ್ಪತ್ತೇಳನೇ ಪುಟದಲ್ಲಿ ಬರೆದಿತ್ತು." ಅವಳು ಪುಸ್ತಕ ಮುಚ್ಚಿದಳು. "ಟ್ರಾಕ್ಟರು ಮಾರೋದು ಬೇಡ. ಈ ಭಾನುವಾರ ಹಿತ್ತಲನ್ನ ನಾನು ಉಳ್ತೀನಿ. ಕಮಾನು ಎತ್ತಿ ಉಳ್ತೀನಿ. ಅದನ್ನ ನೀವು ನೋಡಿ. ಆಮೇಲೂ ಅದೇ ಕೊಂದಿದ್ದು ಅನ್ನಿಸಿದರೆ ಸಹಿ ಹಾಕಿ."

"ಕಮಾನು ಎತ್ತಿದ್ರೆ ಚಪ್ಪರ?"

"ಚಪ್ಪರ ಬಿಚ್ಚಬೇಕಾಗುತ್ತೆ."

ಅತ್ತೆ ಎದ್ದರು. ಎಪ್ಪತ್ತರ ಹೆಂಗಸು ಹಾಗೆ ಒಮ್ಮೆಲೇ ಏಳಬಹುದೆಂದು ಅವಳಿಗೆ ಗೊತ್ತಿರಲಿಲ್ಲ. "ನನ್ನುಸಿರು ಇರೋವರೆಗೂ ಅದರ ಒಂದು ಎಲೆ ಮುಟ್ಟಲ್ಲ ನೀನು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಇನ್ನೂ ಮುಗಿದಿಲ್ಲ."

ಬುಧವಾರದಿಂದ ಕಾಲೇಜು ಮುಗಿಸಿ ಬಂದ ಕೂಡಲೇ ಅವಳು ಅಂಗಳಕ್ಕಿಳಿದಳು. ಕಮೀಜಿನ ಸಡಿಲ ತೋಳು, ಹಾರುವ ದುಪ್ಪಟ್ಟ ಯಾವುದೂ ಬೇಡವೆಂದು ಗಂಡನ ಹಳೇ ಪ್ಯಾಂಟನ್ನು ಸೊಂಟಕ್ಕೆ ಬಿಗಿದುಕೊಂಡು, ಕೂದಲನ್ನು ಗಂಟು ಹಾಕಿ ಟೋಪಿಯೊಳಗೆ ತುರುಕಿದಳು. ಹನ್ನೆರಡು-ಹದಿಮೂರು ಸೊಟ್ಟ ಸ್ಟೀರಿಂಗು ಬದಲಿಸಿದ್ದ, ಹೊಸ ಬೆಲ್ಟು ಹಾಕಿದ್ದ, ತುಕ್ಕು ಹಿಡಿದ ಪಿನ್ನುಗಳ ಜಾಗಕ್ಕೆ ಹೊಸ ಪಿನ್ನು ತಂದಿದ್ದ. ಕಮಾನು ಎತ್ತಿ ನಿಲ್ಲಿಸಿದಾಗ ಆ ಪುಟ್ಟ ಟ್ರಾಕ್ಟರಿಗೂ ಒಂದು ಗತ್ತು ಬಂದಿತ್ತು. ಭಾವನಿಗೆ ಇದೊಂದನ್ನೂ ಅವನು ಹೇಳಲಿಲ್ಲ.

"ನನ್ನ ಕೆಲಸ ಗಾಡಿ ಓಡೋ ಹಾಗೆ ಮಾಡೋದು. ಯಾರು ಓಡಿಸ್ತಾರೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹಾಂ, ನಿಧಾನ. ಅದು ಕ್ಲಚ್ಚು ಮೇಡಂ, ಹೊಲಿಗೆ ಮಷೀನಿನ ಪೆಡಲ್ಲಲ್ಲ."

ಟ್ರಾಕ್ಟರು ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ನಿಂತಿತು.

"ಮತ್ತೆ," ಅಂದಳು.

"ಇವತ್ತಿಗೆ ಹದಿನೇಳನೇ ಸಲ."

"ಹದಿನಾರು. ಮತ್ತೆ."

ಅವನ ಎಡಗೈಯಲ್ಲಿ ಕಿರುಬೆರಳು ಇರಲಿಲ್ಲ, ಪಕ್ಕದ ಬೆರಳು ಅರ್ಧಕ್ಕೇ ಮುಗಿದಿತ್ತು. ಗುರುವಾರ, ಹಿಂದೆ ಜೋಡಿಸಿದ್ದ, ಮಣ್ಣು ಪುಡಿ ಮಾಡುವ ರೋಟವೇಟರಿನ ಅಲಗುಗಳ ಮಧ್ಯೆ ಸಿಕ್ಕ ಚಿಂದಿಯನ್ನು ತೆಗೆಯಲು ಅವಳು ಎಂಜಿನ್ನು ಆರಿಸದೆ ಇಳಿಯಹೋದಾಗ ಅವನು ಮೊದಲ ಸಲ ದನಿ ಏರಿಸಿದ.

"ಕೂತ್ಕೊಳ್ಳಿ. ಎಂಜಿನ್ ಆರಿಸಿ. ಕೀಲಿ ಕಿತ್ತು ಜೇಬಿಗೆ ಹಾಕ್ಕೊಳ್ಳಿ. ಅಲಗು ತಿರುಗಿಸೋ ಶಾಫ್ಟು ಪೂರ್ತಿ ನಿಲ್ಲೋವರೆಗೆ ಕಾಯಿರಿ. ಆಮೇಲೆ ಇಳೀರಿ." ಎಡಗೈ ಎತ್ತಿ ತೋರಿಸಿದ. "ನಮ್ಮ ಮೇಸ್ತ್ರಿ ಇದನ್ನ ನನಗೆ ದಿನಕ್ಕೆ ಹತ್ತು ಸಲ ಹೇಳ್ತಿದ್ದ. ಈ ಮುದುಕನಿಗೇನು ಗೊತ್ತು ಅಂದ್ಕೊಂಡೆ. ಮುದುಕನಿಗೆ ಹತ್ತೂ ಬೆರಳಿತ್ತು."

ಅವಳು ಕೂತಳು. ಕೀಲಿ ಕಿತ್ತಳು. ಜೇಬಿಗೆ ಹಾಕಿಕೊಂಡಳು.

ಶನಿವಾರ ಒಬ್ಬಳೇ ಕಾಲುವೆಯ ದಂಡೆಗೆ ಹೋದಳು. ಎಂಟು ತಿಂಗಳಲ್ಲಿ ಮೊದಲ ಸಲ. ಹುಲ್ಲು ಬೆಳೆದು ಗುರುತೆಲ್ಲ ಮುಚ್ಚಿತ್ತು. ಉದ್ದದ ಕೋಲು ಇಳಿಬಿಟ್ಟು ಆಳ ನೋಡಿದಳು, ಎದೆಯ ಮಟ್ಟ. ಕಾಲುವೆ ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ದಂಡೆಯಿಂದ ಬಿಡಬೇಕು ಎಂದು ಪುಸ್ತಕ ಹೇಳುತ್ತಿತ್ತು. ಅವಳು ಅದರ ಎರಡರಷ್ಟು ಬಿಟ್ಟಳು. ಅಲ್ಲಿ ಉದ್ದಕ್ಕೂ ಗೂಟ ಹೊಡೆದು ಬಿಳಿ ಹಗ್ಗ ಕಟ್ಟಿದಳು. ಹಿತ್ತಲೆಲ್ಲ ತಿರುಗಿ ಕಲ್ಲು, ಹಳೇ ಕೊಳವೆಯ ತುಂಡು, ಟೊಮೆಟೊಗೆ ನೆಟ್ಟಿದ್ದ ಕಂಬಿಗಳನ್ನೆಲ್ಲ ಆರಿಸಿ ತೆಗೆದಳು. ಕೈಯಲ್ಲಿ ಬೊಬ್ಬೆ ಎದ್ದವು. ಅವು ಉರಿಯುವುದು ಗೊತ್ತಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಅವಳು ಹೊರಗೆ ಬಂದಾಗ ಅತ್ತೆ ಚಪ್ಪರದ ಕೆಳಗಿದ್ದರು. ಓಣಿಯ ನಟ್ಟನಡುವೆ ಊಟದ ಮೇಜಿನ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಬೀನ್ಸಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ನೀರಿನ ಬಾಟಲಿ. ತಲೆಗೆ ಒಂದು ಟವಲು. ಅಂದರೆ ಮಧ್ಯಾಹ್ನದವರೆಗೆ ಏಳುವ ಯೋಚನೆ ಇರಲಿಲ್ಲ.

"ಅತ್ತೆ, ಬಿಸಿಲು ಬರುತ್ತೆ."

"ಬರಲಿ. ನನ್ನ ಚಪ್ಪರದ ನೆರಳಿದೆ."

ಹನ್ನೆರಡು-ಹದಿಮೂರು ಗೇಟಿನಲ್ಲೇ ನಿಂತು ಗುಂಡಿ ಹಾಕುವ ನೆಪದಲ್ಲಿ ಅಂಗಿ ನೋಡಿಕೊಂಡ. ಅಷ್ಟರಲ್ಲಿ ಭಾವ ಬಂದರು. ಹನ್ನೊಂದಕ್ಕೆ ಬರಬೇಕಾದವರು ಎಂಟಕ್ಕೇ ಬಂದಿದ್ದರು. ಅತ್ತೆ ಫೋನು ಮಾಡಿರಬೇಕು. ಶೆಡ್ಡಿನ ಬಾಗಿಲಲ್ಲಿ ಕಮಾನು ಮೇಲೆತ್ತಿ ನಿಂತ ಟ್ರಾಕ್ಟರು, ಪ್ಯಾಂಟು ತೊಟ್ಟ ತಮ್ಮನ ಹೆಂಡತಿ, ಕುರ್ಚಿಯಲ್ಲಿ ಅಮ್ಮ, ಎಲ್ಲವನ್ನೂ ಒಂದೊಂದಾಗಿ ನೋಡಿದರು.

"ಏನಮ್ಮ ಇದು? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ."

"ಹೌದು ಭಾವ. ಊರಲ್ಲಿ ಇನ್ನೂ ಜನ ಉಳಿದಿದಾರಲ್ಲ."

ಅವಳ ಬಾಯಿಂದ ಅಷ್ಟುದ್ದದ ಮಾತು ಕೇಳಿ ಎಷ್ಟೋ ದಿನವಾಗಿತ್ತು. ಭಾವ ಕೆಟ್ಟವರಲ್ಲ. ಪೀಠೋಪಕರಣದ ಕಾರ್ಖಾನೆ ಇಟ್ಟವರು. ಗರಗಸ, ರಂಧ್ರ ಕೊರೆಯುವ ಯಂತ್ರಗಳ ನಡುವೆ ಬದುಕಿದವರು. ಆದರೆ ಆ ದಿನ ಕಾಲುವೆಗೆ ಮೊದಲು ಇಳಿದವರು ಅವರೇ.

"ನೋಡು, ಹಟ ಯಾಕೆ? ಮಡಚಿಕೊಂಡು ಓಣಿ ದಾಟು, ಆ ಕಡೆ ಹೋಗಿ ಎತ್ತು. ಎರಡು ನಿಮಿಷದ ಕೆಲಸ. ಅಮ್ಮನಿಗೂ ನೋವಿಲ್ಲ, ನಿನಗೂ ಸಮಾಧಾನ."

"ಅವನೂ ಹಾಗೇ ಮಾಡಿದ್ದು. ಮೊದಲ ವರ್ಷ ಪ್ರತಿ ಸಲ ಎತ್ತಿದ. ಎರಡನೇ ವರ್ಷ ನೆನಪಾದಾಗ ಎತ್ತಿದ. ಮೂರನೇ ವರ್ಷ ಎತ್ತಲಿಲ್ಲ." ಅವಳು ಕಮಾನಿನ ಮೇಲೆ ಕೈ ಇಟ್ಟಳು. "ನಾನು ಅವನಿಗಿಂತ ಜಾಣೆ ಏನಲ್ಲ ಭಾವ. ನಾನೂ ಮೂರನೇ ವರ್ಷ ಮರೀತೀನಿ. ಅದಕ್ಕೆ ಇದು ಯಾವತ್ತೂ ಬಗ್ಗಲ್ಲ."

"ಹಾಗಾದ್ರೆ ನನ್ನ ಮೇಲೆ ಹತ್ತಿಸು," ಅಂದರು ಅತ್ತೆ ಕುರ್ಚಿಯಿಂದ. ಬೀನ್ಸು ಸುಲಿಯುವುದನ್ನು ನಿಲ್ಲಿಸಲಿಲ್ಲ.

ಅವಳು ಅತ್ತೆಯನ್ನು ನೋಡಿದಳು, ಚಪ್ಪರವನ್ನು ನೋಡಿದಳು. ಗರಗಸ ಶೆಡ್ಡಿನಲ್ಲಿತ್ತು. ಅತ್ತೆ ನೀರಿಗೋ ಬಚ್ಚಲಿಗೋ ಒಮ್ಮೆ ಎದ್ದೇ ಏಳಬೇಕು. ಎದ್ದಾಗ ಐದು ನಿಮಿಷ ಸಾಕು. ಆ ಯೋಚನೆ ಬಂದಿತು. ಬಂದದ್ದನ್ನು ಅವಳು ನೋಡಿದಳು, ಹಾಗೇ ಹೋಗಲು ಬಿಟ್ಟಳು. ಮೂವತ್ತನಾಲ್ಕು ವರ್ಷದ ಬಳ್ಳಿ. ಅವನ ವಯಸ್ಸಿನದು ಆ ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ಅವಳು ಶೆಡ್ಡಿನೊಳಕ್ಕೆ ಹೋದಳು. ಶೆಡ್ಡಿನ ಹಿಂಗೋಡೆ ತಗಡಿನದು. ಮರದ ಚೌಕಟ್ಟಿಗೆ ಬೋಲ್ಟು ಹಾಕಿ ಕೂಡಿಸಿದ್ದು. ಅದರ ಆಚೆಗೆ ನೇರ ಹಿತ್ತಲು. ತಗಡಿನ ತೂತುಗಳಿಂದ ಬಿಸಿಲಿನ ಕಡ್ಡಿಗಳು ಒಳಗೆ ಬಿದ್ದಿದ್ದವು.

"ಈ ಬೋಲ್ಟಿಗೆ ಯಾವ ಸ್ಪ್ಯಾನರ್ ಬೇಕು?"

ಮೆಕ್ಯಾನಿಕ್ ಬಗ್ಗಿ ನೋಡಿದ. ಅವನ ಮುಖ ಅರಳಿತು. ಹಿಂದಿನ ಜೇಬಿಗೆ ಕೈ ಹಾಕಿದ.

"ಹನ್ನೆರಡು-ಹದಿಮೂರು, ಮೇಡಂ."

ಬೋಲ್ಟುಗಳು ಇಪ್ಪತ್ತಿದ್ದವು. ಹದಿನಾಲ್ಕು ಎಣ್ಣೆಗೆ ಬಗ್ಗಿದವು, ಆರು ಬಗ್ಗಲಿಲ್ಲ. ಅವುಗಳ ತಲೆ ಹಾರಿಸಬೇಕಾಯಿತು. ಒಂದು ಅಡ್ಡಪಟ್ಟಿಯನ್ನು ಕೊಯ್ಯಬೇಕಾಯಿತು. ಭಾವ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು, ಕೊನೆಗೆ, ಬಡಗಿಯ ಕೈ ಸುಮ್ಮನಿರಬೇಕಲ್ಲ, "ಅಲ್ಲಿ ಕೊಯ್ದರೆ ಮಾಡು ಕುಸಿದು ಕೂರುತ್ತೆ. ಇನ್ನೊಂದು ಗೇಣು ಈಚೆಗೆ," ಅಂದರು. ಅಂದ ಮೇಲೆ ತಮ್ಮ ಮೇಲೇ ಸಿಟ್ಟು ಬಂದು ಹೊರಗೆ ಹೋದರು.

ಕೊನೆಯ ತಗಡು ಬಿದ್ದಾಗ ಒಂಬತ್ತೂವರೆ. ಶೆಡ್ಡಿನೊಳಗೆ ಬೆಳಕು ನುಗ್ಗಿತು. ತಗಡು ತೆರೆಯುವವರೆಗೆ ಅವಳು ಎಂಜಿನ್ನು ಮುಟ್ಟಿರಲಿಲ್ಲ. ಮುಚ್ಚಿದ ಜಾಗದಲ್ಲಿ ಹೊಗೆ ತುಂಬಿಸಬಾರದು. ಈಗ ಟೈರು, ಎಣ್ಣೆ, ಪಿನ್ನು, ಶಾಫ್ಟಿನ ಮುಚ್ಚಳ ನೋಡಿದಳು. ಹತ್ತಿದಳು. ಬೆಲ್ಟನ್ನು ಸೊಂಟದ ಅಡ್ಡಕ್ಕೆ ಎಳೆದು ಕೊಂಡಿಗೆ ಸಿಕ್ಕಿಸಿದಳು. ಕಟ್ ಎಂದು ಸದ್ದಾಯಿತು. ಬಿಚ್ಚಿ ಇನ್ನೊಮ್ಮೆ ಸಿಕ್ಕಿಸಿದಳು. ಆಮೇಲೆ ಕೀಲಿ ತಿರುಗಿಸಿದಳು.

ಟ್ರಾಕ್ಟರು ತಲೆ ಎತ್ತಿಕೊಂಡು ಹಿಂಗೋಡೆಯಿಂದ ಹೊರಬಿತ್ತು.

ಚಪ್ಪರದ ಕೆಳಗೆ ಅತ್ತೆಗೆ ಸದ್ದು ತಪ್ಪು ದಿಕ್ಕಿನಿಂದ ಕೇಳಿಸಿತು. ಯಾರೂ ಮುಟ್ಟಲು ಬರದ ಚಪ್ಪರವನ್ನು ಕಾಯುತ್ತ ಅವರು ಇನ್ನೂ ಹತ್ತು ನಿಮಿಷ ಅಲ್ಲೇ ಕೂತರು. ಆಮೇಲೆ ಕುರ್ಚಿಯನ್ನು ತಾವೇ ಎಳೆದುಕೊಂಡು ಹಿತ್ತಲಿನ ಅಂಚಿಗೆ ಬಂದು, ಉಳದ ನೆಲದ ಮೇಲೆ ನಾಲ್ಕೂ ಕಾಲು ಊರಿಸಿ ಕೂತರು. ಬೀನ್ಸಿನ ಬುಟ್ಟಿ ಓಣಿಯಲ್ಲೇ ಉಳಿಯಿತು.

ಅವಳು ಅತ್ಯಂತ ಕೆಳಗಿನ ಗೇರಿನಲ್ಲಿ ಹೋಗುತ್ತಿದ್ದಳು. ಹಿಂದೆ ಅಲಗುಗಳು ಗಟ್ಟಿ ನೆಲವನ್ನು ಹಿಡಿದು ಪುಡಿ ಮಾಡಿ ಬಿಡುತ್ತಿದ್ದವು. ಮೊದಲ ಸಾಲು ಹಾವು ಹರಿದ ಹಾಗಾಯಿತು. ಎರಡನೆಯದು ಸ್ವಲ್ಪ ಕಡಿಮೆ ಹಾವು. ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ನೇರ ಬರುವುದು, ಹಗ್ಗದ ಹತ್ತಿರ ಬಂದಾಗ ರೋಟವೇಟರ್ ಎತ್ತಿ ಅಗಲವಾಗಿ ತಿರುಗುವುದು, ಮತ್ತೆ ಮೇಲೆ ಹೋಗುವುದು. ಅವಸರವಿಲ್ಲ.

"ಇನ್ನೂ ಮುಂದಕ್ಕೆ ಹೋಗು," ಎಂದು ಅತ್ತೆ ಕೂಗಿದರು. "ಅಲ್ಲೇ ಯಾಕೆ ತಿರುಗ್ತೀಯ? ದಂಡೆವರೆಗೂ ಹೋಗು. ನನ್ನ ಮಗ ದಂಡೆವರೆಗೂ ಹೋಗ್ತಿದ್ದ. ಒಂದು ಅಂಗೈ ನೆಲ ಬಿಡ್ತಿರಲಿಲ್ಲ."

ಅವಳು ನಿಲ್ಲಿಸಿದಳು. ರೋಟವೇಟರನ್ನು ನೆಲಕ್ಕಿಳಿಸಿ, ಬ್ರೇಕು ಹಾಕಿ, ಎಂಜಿನ್ನು ಆರಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು. ಶಾಫ್ಟು ನಿಂತಿತು. ಬೆಲ್ಟು ಬಿಚ್ಚಿ ಇಳಿದು ಅತ್ತೆಯ ಎದುರಿಗೆ ಬಂದಳು.

"ಅದಕ್ಕೇ ಹೋಗಲ್ಲ ಅತ್ತೆ."

"ಅಷ್ಟು ನೆಲ ಬೀಳು ಬಿಡ್ತೀಯಾ?"

"ಬಿಡ್ತೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಂಟು ತಿಂಗಳು ಒಂದೇ ಮೇಜಿನಲ್ಲಿ ಊಟ ಮಾಡಿದ್ದರೂ ಹಾಗೆ ನೋಡಿರಲಿಲ್ಲ. ಮೊದಲು ಕಣ್ಣು ತೆಗೆದವರು ಯಾರು ಎಂದು ಹನ್ನೆರಡು-ಹದಿಮೂರನನ್ನು ಆಮೇಲೆ ಎಷ್ಟೋ ಜನ ಕೇಳಿದರು. ತಾನು ಬೇರೆ ಕಡೆ ನೋಡುತ್ತಿದ್ದೆ ಎಂದೇ ಅವನು ಹೇಳಿದ. ಅವಳು ಮತ್ತೆ ಹತ್ತಿ ಬೆಲ್ಟು ಹಾಕಿಕೊಂಡಳು.

ವ್ಯಾಪಾರಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಅರ್ಧ ಹಿತ್ತಲು ಆಗ ಉಳುಮೆಯಾಗಿತ್ತು. ಅವಳು ಎಂಜಿನ್ನು ಆರಿಸಿ ಸೀಟಿನಲ್ಲೇ ಕೂತಳು. ದಪ್ಪ ಮೀಸೆಯ, ನಗುಮುಖದ ಮನುಷ್ಯ. ಉಳುತ್ತಿರುವ ಗಾಡಿ ನೋಡಿ ಖುಷಿಯಾದ. "ಇದು ಒಳ್ಳೇದಾಯ್ತು. ಗುಜರಿ ಅಂದ್ಕೊಂಡು ಬಂದಿದ್ದೆ," ಅಂದ. ಭಾವ ಕಾಗದವನ್ನೂ ಪೆನ್ನನ್ನೂ ಅತ್ತೆಯ ಕೈಗೆ ಕೊಟ್ಟು ಸಹಿ ಹಾಕಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದರು.

ಅತ್ತೆ ಪೆನ್ನಿನ ಮುಚ್ಚಳ ತೆಗೆದರು. ಕಾಗದವನ್ನು ಮಂಡಿಯ ಮೇಲೆ ನೀವಿದರು. ಅವಳು ಸ್ಟೀರಿಂಗನ್ನು ಹಿಡಿದುಕೊಂಡಿದ್ದಳು. ಬೊಬ್ಬೆ ಒಡೆದು ಅಂಗೈ ಅಂಟಿಕೊಂಡಿತ್ತು. ಬೇಡಿಕೊಳ್ಳಬಾರದು ಎಂದು ತೀರ್ಮಾನಿಸಿದ್ದಳು. ಹೇಳಬೇಕಾದ್ದನ್ನೆಲ್ಲ ಮಂಗಳವಾರವೇ ಹೇಳಿಯಾಗಿತ್ತು. ಉಳಿದದ್ದು ಅತ್ತೆಯ ಕಣ್ಣೆದುರು ಸಾಲುಸಾಲಾಗಿ ಬಿದ್ದಿತ್ತು.

"ಇದನ್ನ ಯಾರಿಗೆ ಮಾರ್ತೀಯಪ್ಪಾ?" ಎಂದು ಅತ್ತೆ ಕೇಳಿದರು.

"ಯಾರಾದ್ರೂ ತಗೋತಾರೆ ತಾಯಿ. ನಿಮ್ಮ ಹಾಗೆ ಹಿತ್ತಲು ತೋಟ ಮಾಡೋರು ಬಹಳ ಜನ ಇದಾರೆ."

"ಅವರಿಗೆ ಈ ಕಮಾನಿನ ವಿಷಯ ಹೇಳ್ತೀಯಾ?"

"ಅಯ್ಯೋ, ಅದರ ಚಿಂತೆ ಬಿಡಿ ತಾಯಿ," ಎಂದು ವ್ಯಾಪಾರಿ ಕೈ ಬೀಸಿದ. "ಅದು ಎಲ್ಲರಿಗೂ ಅಡ್ಡವೇ. ಮರಕ್ಕೆ ತಾಗುತ್ತೆ, ಬಾಗಿಲಿಗೆ ತಾಗುತ್ತೆ ಅಂತಾರೆ. ನಾವೇ ಬುಡಕ್ಕೆ ಕೊಯ್ದು ಕೊಟ್ಬಿಡ್ತೀವಿ. ಕೊಂಡೋರಿಗೂ ಅದೇ ಇಷ್ಟ."

ಅತ್ತೆ ಅವನ ಮುಖವನ್ನೇ ನೋಡುತ್ತ ಕೂತರು. ಏನೋ ತಪ್ಪು ಮಾತಾಡಿದೆ ಎಂದು ಅವನಿಗೆ ಅನ್ನಿಸಿರಬೇಕು; ಏನು ಎಂದು ಮಾತ್ರ ಗೊತ್ತಾಗಲಿಲ್ಲ. ಅತ್ತೆ ಪೆನ್ನಿಗೆ ಮುಚ್ಚಳ ಹಾಕಿದರು. ಕಾಗದವನ್ನು ಎರಡಾಗಿ ಮಡಚಿದರು, ನಾಲ್ಕಾಗಿ ಮಡಚಿದರು, ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮಾರಲ್ಲ."

"ಅಮ್ಮಾ," ಅಂದರು ಭಾವ. ದನಿ ಒಡೆದಿತ್ತು. "ಅದು ಅವನನ್ನ..."

"ಗೊತ್ತು ಕಣೋ. ಯಾರದ್ದು ಎಷ್ಟು ಅಂತ ಇವಳು ಪಾಲು ಹಾಕಿ ಕೊಟ್ಟಿದಾಳೆ. ನನ್ನ ಪಾಲು ನನ್ನ ಮನೇಲೇ ಇರಲಿ. ಇನ್ನೊಬ್ಬ ತಾಯಿ ಮನೆಗೆ ನಾನು ಅದನ್ನ ಕಳಿಸಲ್ಲ." ಹೇಳಿ ಸೊಸೆಯ ಕಡೆ ತಿರುಗಿದರು. "ನಿನ್ನ ಮೇಲಿನ ಸಿಟ್ಟು ಹೋಗಿದೆ ಅಂದ್ಕೋಬೇಡ. ನೀನಾಡಿದ ಮಾತು ನಾನು ಸಾಯೋವರೆಗೂ ಮರೆಯಲ್ಲ."

"ನಾನೂ ಮರೆಯಲ್ಲ ಅತ್ತೆ."

"ಶೆಡ್ಡಿಗೆ ಆ ಕಡೆ ಒಂದು ಬಾಗಿಲು ಮಾಡಿಸು. ತಗಡು ಬಿಚ್ಚಿದ ಮನೆ ನೋಡಕ್ಕೆ ಚೆನ್ನಾಗಿರಲ್ಲ."

ವ್ಯಾಪಾರಿ ಗೊಣಗಿಕೊಂಡು ಹೋದ. ಹನ್ನೆರಡು-ಹದಿಮೂರು ಅವನನ್ನು ಗೇಟಿನವರೆಗೆ ಕಳಿಸಲು ಹೋದ. ಮರ್ಯಾದೆಗಲ್ಲ, ಗೇಟು ಹಾಕಿ ಬರಲು.

ಉಳಿದರ್ಧ ಹಿತ್ತಲು ಹಾಗೇ ಇತ್ತು. ಅವಳು ಹಿಂದೆ ತಿರುಗಿ ನೋಡಿದಳು. ಭಾವ ಯಾವಾಗಲೋ ಉತ್ತ ಮಣ್ಣಿನೊಳಗೆ ಇಳಿದು, ರೋಟವೇಟರಿನಿಂದ ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತಿದ್ದರು. ಮಣ್ಣು ಅವರ ಶೂಗಳನ್ನು ಮುಚ್ಚಿತ್ತು. ದೃಷ್ಟಿ ಬಿಳಿ ಹಗ್ಗದ ಆಚೆ, ಕಾಲುವೆಯ ಕಡೆ ಇತ್ತು. ಅವರ ಹೆಗಲು ಅಲುಗುತ್ತಿತ್ತು.

"ಭಾವ, ಅಲ್ಲಿಂದ ಸರೀರಿ. ಹಿಂದೆ ಯಾರೂ ನಿಲ್ಲಬಾರದು."

"ನಾನು ಸರಿಯಲ್ಲ. ಏನು ಮಾಡ್ತೀಯ?"

"ಏನೂ ಮಾಡಲ್ಲ. ನೀವು ಸರಿಯೋವರೆಗೂ ಶುರು ಮಾಡಲ್ಲ."

ಅವಳು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು ಕೈ ಕಟ್ಟಿ ಕೂತಳು. ಬಿಸಿಲು ಏರಿತು. ಬಿಸಿ ಎಂಜಿನ್ನು ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಕಾಲು ಗಂಟೆಯಾಯಿತೋ ಅರ್ಧ ಗಂಟೆಯಾಯಿತೋ, ಯಾರೂ ಗಡಿಯಾರ ನೋಡಲಿಲ್ಲ. ಭಾವ ಅಂಗೈಯಿಂದ ಮುಖ ಒರೆಸಿಕೊಂಡರು. ಮಣ್ಣಿನಿಂದ ಒಂದು ಕಾಲು ಕಿತ್ತರು, ಇನ್ನೊಂದು ಕಾಲು ಕಿತ್ತರು, ನಡೆದು ಹೋಗಿ ಅಮ್ಮನ ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕೂತರು.

ಅವಳು ಇನ್ನೊಮ್ಮೆ ಎಡಕ್ಕೂ ಬಲಕ್ಕೂ ಹಿಂದಕ್ಕೂ ನೋಡಿದಳು. ಯಾರೂ ಇರಲಿಲ್ಲ. ಟ್ರಾಕ್ಟರು ಶುರುವಾಯಿತು.